ಅಪ್ಪ ಓಡುತ್ತಿದ್ದಾನೆ, ಮಗ ನಿವೃತ್ತ!

ಅಪ್ಪನಿಗೆ ನಲವತ್ತು ದಾಟಿ ವರ್ಷಗಳೇ ಆದವು. ಸೀಸನ್ ಬಂತೆಂದರೆ ಇಂದಿಗೂ ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಾನೆ. ಮಗ ಹುಟ್ಟಿದ್ದು ಅಪ್ಪನಿಗಿಂತ ಇಪ್ಪತ್ತೊಂದು ವರ್ಷ ತಡವಾಗಿ. ಅಪ್ಪನಿಗಿಂತ ಎತ್ತರ, ಅಪ್ಪನಿಗಿಂತ ವೇಗ. ಆದರೆ ಹತ್ತು ವರ್ಷ ತುಂಬುವ ಮೊದಲೇ ಅವನ ಓಟ ನಿಂತಿತು. ಮೂರು ವರ್ಷ ಬೀಗ ಹಾಕಿಸಿಕೊಂಡು ನಿಂತ. ಕೊನೆಗೆ ತುಂಡು ತುಂಡಾಗಿ ಕಳಚಿ ಲಾರಿ ಹತ್ತಿದ.

ಇದು ಅಮೆರಿಕದ ಒಹಾಯೊ ರಾಜ್ಯದ ಕಿಂಗ್ಸ್ ಐಲ್ಯಾಂಡ್ ಎಂಬ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿದ್ದ ಎರಡು ಮರದ ರೋಲರ್ ಕೋಸ್ಟರ್‌ಗಳ ಕಥೆ. ಅಪ್ಪನ ಹೆಸರು ‘ದಿ ಬೀಸ್ಟ್’, ಶುರುವಾಗಿದ್ದು 1979ರಲ್ಲಿ. ಮಗನ ಹೆಸರು ‘ಸನ್ ಆಫ್ ಬೀಸ್ಟ್’, ಶುರುವಾಗಿದ್ದು 2000ರಲ್ಲಿ, ನಿಂತಿದ್ದು 2009ರಲ್ಲಿ, ಕೆಡವಿದ್ದು 2012ರಲ್ಲಿ.

ಮರದ ರೋಲರ್ ಕೋಸ್ಟರ್‌ಗಳನ್ನು ಪಾರ್ಕಿನವರು ಏಕೆ ತೆಗೆದುಹಾಕುತ್ತಾರೆ ಎಂದು ಯಾರನ್ನಾದರೂ ಕೇಳಿ. ‘ಮರ ಅಲ್ವಾ, ಹಳೆಯದಾಗಿ ಲಡ್ಡು ಹಿಡಿದಿರುತ್ತೆ’ ಎಂದುಬಿಡುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ವಯಸ್ಸೇ ಕಾರಣವಾಗಿದ್ದರೆ ಮೊದಲು ಹೋಗಬೇಕಾಗಿದ್ದದ್ದು ಅಪ್ಪ. ಹಾಗಾಗಲಿಲ್ಲ. ಏಕೆ ಎಂಬುದೇ ಈ ಬರಹದ ವಿಷಯ.

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಓದುತ್ತಿದ್ದೇನೆ. ನಮಗೆ ‘ಫೆಟೀಗ್’ ಎಂಬ ಪಾಠವಿದೆ. ಕಬ್ಬಿಣದ ತಂತಿಯನ್ನು ಒಂದೇ ಸಲಕ್ಕೆ ಎಳೆದು ತುಂಡು ಮಾಡಲು ನಮ್ಮಿಂದ ಆಗುವುದಿಲ್ಲ. ಅದನ್ನೇ ಅತ್ತಿಂದಿತ್ತ ಹತ್ತಾರು ಸಲ ಬಗ್ಗಿಸಿದರೆ ಪಟ್ಟನೆ ತುಂಡಾಗುತ್ತದೆ. ಸಣ್ಣ ಭಾರವೇ ಆದರೂ ಸಾವಿರಾರು ಸಲ ಬಿದ್ದರೆ ವಸ್ತು ದಣಿಯುತ್ತದೆ, ಅದೇ ಫೆಟೀಗ್. ಈ ಪಾಠಕ್ಕೆ ಉದಾಹರಣೆ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ರೋಲರ್ ಕೋಸ್ಟರ್. ನಾನು ಹತ್ತಿರುವುದು ಬಿಡದಿಯ ವಂಡರ್‌ಲಾದಲ್ಲಿರುವ ಉಕ್ಕಿನ ಆಟಗಳನ್ನು ಮಾತ್ರ. ಮರದವನ್ನು ಮೊಬೈಲ್ ಪರದೆಯಲ್ಲಷ್ಟೇ ನೋಡಿದ್ದೇನೆ. ಆದರೂ ಅವುಗಳ ಹುಟ್ಟು ಸಾವಿನ ಲೆಕ್ಕ ಓದುತ್ತಾ ಹೋದಂತೆ, ಇದು ಮರದ ಕಥೆಗಿಂತ ಹೆಚ್ಚಾಗಿ ಮನುಷ್ಯರ ಕೆಲಸದ ಕಥೆ ಎನ್ನಿಸತೊಡಗಿತು.

ಹಲಗೆಯ ಮೇಲೆ ಹಲಗೆ

ಮರದ ರೋಲರ್ ಕೋಸ್ಟರ್ ಎಂದರೆ ಏನು? ದೂರದಿಂದ ನೋಡಿದರೆ ದೊಡ್ಡ ಕಟ್ಟಡಕ್ಕೆ ಸಾರ್ವೆ ಕಟ್ಟಿದಂತೆ ಕಾಣುತ್ತದೆ. ಅಡ್ಡ, ಉದ್ದ, ಓರೆಯಾಗಿ ಸಾವಿರಾರು ತೊಲೆಗಳು. ಆದರೆ ಕೋಸ್ಟರ್ ಮರದ್ದೋ ಉಕ್ಕಿನದೋ ಎಂದು ನಿರ್ಧರಿಸುವುದು ಈ ಆಸರೆಗಳಲ್ಲ, ಹಳಿ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ 1927ರಿಂದ ಓಡುತ್ತಿರುವ ಪ್ರಸಿದ್ಧ ‘ಸೈಕ್ಲೋನ್’ನ ಆಸರೆಗಳು ಉಕ್ಕಿನವು. ಹಳಿ ಮರದ್ದಾಗಿರುವುದರಿಂದ ಅದು ಮರದ ಕೋಸ್ಟರ್ ಎಂದೇ ಲೆಕ್ಕ.

ಈ ಹಳಿ ಮಾಡುವ ರೀತಿ ಸರಳ. ಹಲಗೆಯ ಮೇಲೆ ಹಲಗೆ ಇಟ್ಟು, ಸಾಮಾನ್ಯವಾಗಿ ಏಳೆಂಟು ಪದರ ಜೋಡಿಸುತ್ತಾರೆ. ತಿರುವಿಗೆ ತಕ್ಕಂತೆ ಬಗ್ಗಿಸಿ ಮೊಳೆ, ಬೋಲ್ಟ್ ಹಾಕಿ ಬಿಗಿಯುತ್ತಾರೆ. ಅದರ ಮೇಲ್ಭಾಗಕ್ಕೂ ಪಕ್ಕಕ್ಕೂ ತೆಳುವಾದ ಉಕ್ಕಿನ ಪಟ್ಟಿ ಹೊಡೆಯುತ್ತಾರೆ. ಗಾಲಿ ಉರುಳುವುದು ಈ ಪಟ್ಟಿಯ ಮೇಲೆ. ಬೋಗಿಗೆ ಮೂರು ಬಗೆಯ ಗಾಲಿಗಳಿರುತ್ತವೆ. ಒಂದು ಹಳಿಯ ಮೇಲೆ ಓಡಲು, ಇನ್ನೊಂದು ಪಕ್ಕಕ್ಕೆ ಜಾರದಿರಲು, ಮತ್ತೊಂದು ಹಳಿಯ ಅಡಿಯಿಂದ ಹಿಡಿದುಕೊಂಡು ಬೋಗಿ ಮೇಲಕ್ಕೆ ಹಾರದಿರಲು. ಈ ಮೂರನೆಯ ಗಾಲಿಗೆ ಜಾನ್ ಮಿಲ್ಲರ್ ಎಂಬ ಅಮೆರಿಕದ ವಿನ್ಯಾಸಕಾರ 1919ರಲ್ಲಿ ಪೇಟೆಂಟ್ ಪಡೆದ. ಅದಾದ ಮೇಲೆಯೇ ಕಡಿದಾದ ಇಳಿಜಾರುಗಳನ್ನು ಧೈರ್ಯವಾಗಿ ಕಟ್ಟಲು ಸಾಧ್ಯವಾಗಿದ್ದು. 1920ರ ದಶಕ ಮರದ ಕೋಸ್ಟರ್‌ಗಳ ಸುಗ್ಗಿಯ ಕಾಲವಾಯಿತು.

ಇಷ್ಟು ಸರಳವಾದ ವಸ್ತುವಿನ ತೊಂದರೆ ಏನೆಂದರೆ, ಮರ ಸುಮ್ಮನಿರುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಬಂದರೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಒಂದು ಬಾಗಿಲಿನ ಪಾಡೇ ಹೀಗಾದರೆ, ಮಳೆ, ಬಿಸಿಲು, ಹಿಮ ಮೂರನ್ನೂ ಉಣ್ಣುವ ಎರಡು ಕಿಲೋಮೀಟರ್ ಹಳಿಯ ಪಾಡು ಊಹಿಸಿ. ಮರ ಹಿಗ್ಗಿ ಕುಗ್ಗಿದಂತೆಲ್ಲ ಬೋಲ್ಟ್ ಸಡಿಲವಾಗುತ್ತದೆ, ಮೊಳೆ ಮೇಲೆದ್ದು ಬರುತ್ತದೆ. ಅದರ ಮೇಲೆ ದಿನಕ್ಕೆ ನೂರಾರು ಸಲ ಟನ್‌ಗಟ್ಟಲೆ ತೂಕದ ರೈಲು ಹಾಯುತ್ತದೆ. ರೈಲು ಹಾಯುವಾಗ ಇಡೀ ಕಟ್ಟಡವೇ ತೂಗುತ್ತದೆ. ತೂಗುವಂತೆಯೇ ಅದನ್ನು ಕಟ್ಟಿರುತ್ತಾರೆ. ಆ ತೂಗಾಟ, ಆ ಗಡಗಡ ಸದ್ದೇ ಮರದ ಕೋಸ್ಟರ್‌ನ ಮಜಾ ಎಂದು ಅಭಿಮಾನಿಗಳು ಹೇಳುವುದು.

ಹೀಗಾಗಿ ಬೆಳಿಗ್ಗೆ ಗೇಟು ತೆರೆಯುವ ಮೊದಲು ಬಡಗಿಗಳೂ ಮೆಕ್ಯಾನಿಕ್‌ಗಳೂ ಹಳಿಯ ಉದ್ದಕ್ಕೂ ನಡೆದು ನೋಡುತ್ತಾರೆ. ಎಲ್ಲಿ ಬೋಲ್ಟ್ ಸಡಿಲ, ಎಲ್ಲಿ ಪಟ್ಟಿ ಎದ್ದಿದೆ, ಯಾವ ಹಲಗೆ ಸೀಳಿದೆ ಎಂದು ಹುಡುಕಿ ಸರಿಮಾಡುತ್ತಾರೆ. ಆಮೇಲೆ ಖಾಲಿ ರೈಲು ಓಡಿಸಿ ಪರೀಕ್ಷೆ. ಅದಾದ ಮೇಲೆಯೇ ಜನ. ಸೀಸನ್ ಮುಗಿದು ಪಾರ್ಕ್ ಮುಚ್ಚಿದಾಗ ಹೆಚ್ಚು ಸವೆದ ಭಾಗಗಳ ಹಳಿಯನ್ನೇ ಕಿತ್ತು ಹೊಸ ಹಲಗೆ ಹಾಕುತ್ತಾರೆ. ಹೀಗೆ ವರ್ಷಕ್ಕಿಷ್ಟು ಎಂದು ಬದಲಾಗುತ್ತಾ, ಐವತ್ತು ವರ್ಷದ ಕೋಸ್ಟರ್‌ನ ಹಳಿಯಲ್ಲಿ ಮೊದಲ ದಿನದ ಹಲಗೆ ಹುಡುಕಿದರೂ ಸಿಗುವುದು ಕಷ್ಟ.

ಅಂದರೆ ‘ಹಳೆಯ ಮರ’ ಎನ್ನುವ ಮಾತಿಗೇ ಅರ್ಥವಿಲ್ಲ. ದಿ ಬೀಸ್ಟ್ ಇದಕ್ಕೆ ಸಾಕ್ಷಿ. 2022ರ ಸೀಸನ್‌ಗೆ ಮುನ್ನ ಅದರ ಹಳಿಯ ದೊಡ್ಡ ಭಾಗವನ್ನು ಹೊಸದಾಗಿ ಹಾಕಿದರು. ಮೊದಲ ಇಳಿಜಾರನ್ನು 45 ಡಿಗ್ರಿಯಿಂದ 53 ಡಿಗ್ರಿಗೆ ಕಡಿದು ಮಾಡಿದರು. ಸುಮಾರು 2.2 ಕಿ.ಮೀ. ಉದ್ದದ ಅದು ಇಂದಿಗೂ ಜಗತ್ತಿನ ಅತಿ ಉದ್ದದ ಮರದ ಕೋಸ್ಟರ್.

ಕುಲುಕಾಟದ ವಿಷಚಕ್ರ

ಹಾಗಾದರೆ ಹಲಗೆ ಬದಲಾಯಿಸುತ್ತಾ ಎಲ್ಲವನ್ನೂ ಎಷ್ಟು ಕಾಲ ಬೇಕಾದರೂ ಓಡಿಸಬಹುದಲ್ಲ? ಲೆಕ್ಕದಲ್ಲಿ ಹೌದು. ತೊಂದರೆ ಇರುವುದು ಖರ್ಚಿನಲ್ಲಿ, ಆ ಖರ್ಚು ಬೆಳೆಯುವ ರೀತಿಯಲ್ಲಿ.

ನಮ್ಮೂರ ರಸ್ತೆಯ ಗುಂಡಿಯನ್ನೇ ನೋಡಿ. ಮೊದಲು ಬೆರಳಗಲದ ಬಿರುಕು. ಚಕ್ರ ಅದರ ಮೇಲೆ ಹಾದಾಗ ದಡಕ್ಕೆನ್ನುತ್ತದೆ. ಆ ದಡಕ್ಕಿಗೆ ಬಿರುಕು ಇನ್ನಷ್ಟು ದೊಡ್ಡದಾಗುತ್ತದೆ. ಗುಂಡಿ ದೊಡ್ಡದಾದಷ್ಟೂ ಏಟು ಜೋರು, ಏಟು ಜೋರಾದಷ್ಟೂ ಗುಂಡಿ ದೊಡ್ಡದು. ಮರದ ಹಳಿಯಲ್ಲೂ ಇದೇ ನಡೆಯುವುದು. ಹಳಿ ಒಂದಿಷ್ಟು ಅಗಲವಾದರೆ ಬೋಗಿ ಅತ್ತಿತ್ತ ಬಡಿದಾಡುತ್ತದೆ. ಆ ಬಡಿತ ಹಳಿಯನ್ನು ಇನ್ನಷ್ಟು ಅಗಲ ಮಾಡುತ್ತದೆ. ಆ ವರ್ಷವೇ ಸರಿಮಾಡಿದರೆ ನಾಲ್ಕು ಹಲಗೆಯಲ್ಲಿ ಮುಗಿಯುವ ಕೆಲಸ, ‘ಮುಂದಿನ ವರ್ಷ ನೋಡೋಣ’ ಎಂದರೆ ನಲವತ್ತು ಹಲಗೆ ಕೇಳುತ್ತದೆ.

ಒಹಾಯೊದಲ್ಲೇ ಸೀಡರ್ ಪಾಯಿಂಟ್ ಎಂಬ ಇನ್ನೊಂದು ಪಾರ್ಕ್ ಇದೆ. ಅಲ್ಲಿ 1991ರಲ್ಲಿ ‘ಮೀನ್ ಸ್ಟ್ರೀಕ್’ ಎಂಬ 161 ಅಡಿ ಎತ್ತರದ ಮರದ ಕೋಸ್ಟರ್ ಶುರುವಾಯಿತು. ರೈಲು ಪೂರ್ಣ ವೇಗದಲ್ಲಿ ಇಳಿದರೆ ಹಳಿ ಬೇಗ ಸವೆಯುತ್ತದೆಂದು ಮೊದಲ ಇಳಿಜಾರಿನಲ್ಲೇ ಬ್ರೇಕ್ ಅಳವಡಿಸಿದರು. ಬ್ರೇಕ್ ಹಾಕಿದ ಮೇಲೆ ಥ್ರಿಲ್ ಎಲ್ಲಿಂದ ಬರಬೇಕು? ವೇಗ ಕಡಿಮೆಯಾಯಿತು, ಕುಲುಕಾಟ ಮಾತ್ರ ಉಳಿಯಿತು. ‘ಮೈಕೈ ನೋವು’ ಎಂಬ ಹೆಸರು ಅದಕ್ಕೆ ಅಂಟಿತು. ಪಕ್ಕದಲ್ಲೇ ನುಣ್ಣಗೆ ಹಾರುವ ಉಕ್ಕಿನ ಕೋಸ್ಟರ್‌ಗಳಿರುವಾಗ ಜನ ಇದರ ಮುಂದೆ ಏಕೆ ಸಾಲು ನಿಲ್ಲಬೇಕು? 2016ರ ಸೆಪ್ಟೆಂಬರ್‌ನಲ್ಲಿ ಅದು ಕೊನೆಯ ಬಾರಿ ಓಡಿತು.

ಪಾರ್ಕಿನ ಲೆಕ್ಕ ಪುಸ್ತಕದಲ್ಲಿ ಇದು ಹೀಗೆ ಕಾಣುತ್ತದೆ: ಒಂದು ಕಡೆ ಪ್ರತಿ ವರ್ಷ ಏರುವ ಹಲಗೆ, ಕೂಲಿ, ವಿಮೆ. ಇನ್ನೊಂದು ಕಡೆ ಪ್ರತಿ ವರ್ಷ ಇಳಿಯುವ ಸಾಲು. ಈ ಎರಡು ಗೆರೆಗಳು ಒಂದನ್ನೊಂದು ದಾಟುವ ದಿನವೇ ನಿವೃತ್ತಿಯ ದಿನ. ಅಂದು ಮರ ಗಟ್ಟಿಯಾಗಿಯೇ ಇರಬಹುದು.

ಎತ್ತರದ ಆಸೆಗೆ ತೆತ್ತ ಬೆಲೆ

ಈಗ ಮಗನ ಕಥೆಗೆ ಬರೋಣ. ಸನ್ ಆಫ್ ಬೀಸ್ಟ್ 218 ಅಡಿ ಎತ್ತರ. ಇನ್ನೂರು ಅಡಿ ದಾಟಿದ ಮೊದಲ ಮರದ ಕೋಸ್ಟರ್ ಅದು. ಸಾಲದು ಎಂಬಂತೆ ರೈಲು ತಲೆಕೆಳಗಾಗಿ ಸುತ್ತುವ ಲೂಪ್ ಬೇರೆ.

ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ. ಮೇಲಿಂದ ಬಿದ್ದ ವಸ್ತುವಿನ ವೇಗ ಎರಡು ಜಿ ಎಚ್‌ನ ವರ್ಗಮೂಲ. ಮಗನ ದೊಡ್ಡ ಇಳಿಜಾರು 214 ಅಡಿ, ಅಂದರೆ ಸುಮಾರು 65 ಮೀಟರ್. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 128 ಕಿ.ಮೀ. ಬರುತ್ತದೆ. ಅದರ ಘೋಷಿತ ವೇಗ ಗಂಟೆಗೆ 78 ಮೈಲಿ, ಅಂದರೆ ಸುಮಾರು 125 ಕಿ.ಮೀ. ನಮ್ಮ ಪಠ್ಯಪುಸ್ತಕದ ಸೂತ್ರ ಎಷ್ಟು ಹತ್ತಿರ ಬಂತು ನೋಡಿ! ಅಪ್ಪನ ದೊಡ್ಡ ಇಳಿಜಾರು 141 ಅಡಿ, ವೇಗ ಸುಮಾರು 104 ಕಿ.ಮೀ.

ವೇಗದಲ್ಲಿ ವ್ಯತ್ಯಾಸ ಇಪ್ಪತ್ತೊಂದೇ ಕಿಲೋಮೀಟರ್ ತಾನೇ ಎನ್ನಿಸಬಹುದು. ಆದರೆ ಹಳಿಯ ಮೇಲೆ ಬೀಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ತಗ್ಗಿನ ಬಾಗು ಒಂದೇ ಅಳತೆಯದಾದರೆ, ಅಲ್ಲಿ ರೈಲನ್ನು ತಿರುಗಿಸಿ ಮೇಲಕ್ಕೆತ್ತಲು ಅಪ್ಪನ ಹಳಿಗಿಂತ ಮಗನ ಹಳಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬಲ ಬೇಕು. ಬಾಗನ್ನು ದೊಡ್ಡದು ಮಾಡಿ ಈ ಬಲವನ್ನು ತಗ್ಗಿಸಬಹುದು, ಆದರೂ ರೈಲು ಹೊತ್ತು ತರುವ ಶಕ್ತಿ ಕಡಿಮೆಯಾಗುವುದಿಲ್ಲ. ಅದೂ ಒಂದು ಸಲವಲ್ಲ, ಪ್ರತಿ ರೈಲಿಗೂ. ಫೆಟೀಗ್ ಪಾಠ ಇಲ್ಲಿಯೇ ನೆನಪಾಗಬೇಕು.

2006ರ ಜುಲೈ 9ರಂದು ಅಲ್ಲಿ ಒಂದು ತೊಲೆ ಬಿರುಕು ಬಿಟ್ಟಿತು. ಹಳಿ ತಗ್ಗಿತು. ಅದರ ಮೇಲೆ ಹಾದ ರೈಲು ದೊಡ್ಡ ಗುಂಡಿಗೆ ಬಿದ್ದ ಬಸ್ಸಿನಂತೆ ಎಗರಿತು. 27 ಮಂದಿ ಗಾಯಗೊಂಡರು. ಪ್ರಾಣಹಾನಿ ಆಗಲಿಲ್ಲ. ಅದೇ ವರ್ಷದ ಕೊನೆಗೆ ಲೂಪ್ ತೆಗೆದರು, ಹಗುರವಾದ ಬೋಗಿಗಳನ್ನು ತಂದರು, 2007ರಲ್ಲಿ ಮತ್ತೆ ಓಡಿಸಿದರು. 2009ರಲ್ಲಿ ಮತ್ತೊಬ್ಬ ಪ್ರಯಾಣಿಕರು ತಲೆಗೆ ಪೆಟ್ಟಾಗಿದೆ ಎಂದು ದೂರಿದ ಮೇಲೆ ಓಟ ನಿಂತಿತು. ಮತ್ತೆ ಶುರುವಾಗಲೇ ಇಲ್ಲ.

ಇಲ್ಲಿ ತಪ್ಪು ಮರದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಅದೇ ಪಾರ್ಕ್, ಅದೇ ಹವೆ, ಅದೇ ಬಗೆಯ ಸಿಬ್ಬಂದಿ. ವ್ಯತ್ಯಾಸ ಇದ್ದದ್ದು ಮರದಿಂದ ನಾವು ಎಷ್ಟು ಕೇಳಿದೆವು ಎಂಬುದರಲ್ಲಿ. ಕೆಲವು ಕೋಸ್ಟರ್‌ಗಳ ನಿವೃತ್ತಿ ಪತ್ರ ಅವು ನಕ್ಷೆಯ ಹಾಳೆಯಲ್ಲಿ ಇದ್ದಾಗಲೇ ಬರೆದಾಗಿರುತ್ತದೆ.

ನೆಲದ ಬೆಲೆ ಏರಿದಾಗ

ಎಲ್ಲ ಕೋಸ್ಟರ್‌ಗಳೂ ಸವೆದು ಹೋದವಲ್ಲ. ಹಲವು ಗಟ್ಟಿಮುಟ್ಟಾಗಿದ್ದಾಗಲೇ ಹೋದವು. 1930ರ ದಶಕದ ಆರ್ಥಿಕ ಕುಸಿತ, ಅದರ ಬೆನ್ನಿಗೇ ಎರಡನೇ ಮಹಾಯುದ್ಧ ಬಂದು ಪಾರ್ಕುಗಳು ಒಂದೊಂದಾಗಿ ಮುಚ್ಚಿದವು. ಉಳಿದವು ಮುಂದೆ ಊರಿನ ಬೆಳವಣಿಗೆಗೆ ಸಿಕ್ಕಿಕೊಂಡವು. ಷಿಕಾಗೋದ ರಿವರ್‌ವ್ಯೂ ಪಾರ್ಕ್ 1967ರಲ್ಲಿ ಮುಚ್ಚಿತು, ಅದರೊಂದಿಗೆ 1924ರಿಂದ ಓಡುತ್ತಿದ್ದ ‘ಬಾಬ್ಸ್’ ಕೋಸ್ಟರ್ ಕೂಡ. ನ್ಯೂಜೆರ್ಸಿಯ ಪ್ಯಾಲಿಸೇಡ್ಸ್ ಪಾರ್ಕ್ 1971ರಲ್ಲಿ ಮುಚ್ಚಿದ ಮೇಲೆ ಆ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟ್‌ಗಳು ಎದ್ದವು. ಟೆಂಟ್ ಸಿನಿಮಾ ಹೋಗಿ ಥಿಯೇಟರ್, ಥಿಯೇಟರ್ ಹೋಗಿ ಕಾಂಪ್ಲೆಕ್ಸ್ ಬಂದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಏಟು ಹೊಸ ತಂತ್ರಜ್ಞಾನದಿಂದ ಬಂತು. 1959ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಉಕ್ಕಿನ ಕೊಳವೆಯನ್ನೇ ಹಳಿಯಾಗಿ ಬಳಸಿದ ‘ಮ್ಯಾಟರ್‌ಹಾರ್ನ್’ ಬಂತು. ಕೊಳವೆಯನ್ನು ಕಾರ್ಖಾನೆಯಲ್ಲೇ ಬೇಕಾದಂತೆ ಬಗ್ಗಿಸಿ ತಂದು ಜೋಡಿಸಬಹುದು. ತಲೆಕೆಳಗಾಗಿಸಬಹುದು, ತಿರುಚಬಹುದು. ಮಳೆಗೆ ಅದು ಉಬ್ಬುವುದಿಲ್ಲ. ಮರದ ಹಳಿಗೆ ಬೇಕಾದಷ್ಟು ಬಡಗಿಗಳೂ ಅದಕ್ಕೆ ಬೇಡ.

ಅಸ್ಥಿ ಹಳೆಯದು, ಹಳಿ ಹೊಸದು

ಹತ್ತು ಹದಿನೈದು ವರ್ಷಗಳಿಂದೀಚೆಗೆ ನಿವೃತ್ತಿಗೆ ಹೊಸದೊಂದು ದಾರಿ ಹುಟ್ಟಿಕೊಂಡಿದೆ. ಇಡಹೊ ರಾಜ್ಯದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಕಂಪನಿ ಮರದ ಆಸರೆಯ ಬಹುಭಾಗವನ್ನು ಹಾಗೆಯೇ ಉಳಿಸಿಕೊಂಡು, ಮೇಲಿನ ಹಲಗೆ ಹಳಿಯನ್ನು ಕಿತ್ತು ಉಕ್ಕಿನ ಹಳಿ ಕೂರಿಸುತ್ತದೆ. ಟೆಕ್ಸಾಸ್‌ನಲ್ಲಿ 1990ರಿಂದ ಓಡುತ್ತಿದ್ದ ‘ಟೆಕ್ಸಾಸ್ ಜೈಂಟ್’ ಅನ್ನು 2009ರಲ್ಲಿ ನಿಲ್ಲಿಸಿ, ಸುಮಾರು ಒಂದು ಕೋಟಿ ಡಾಲರ್ ಖರ್ಚಿನಲ್ಲಿ ಹೀಗೆ ಬದಲಾಯಿಸಿ 2011ರಲ್ಲಿ ಮತ್ತೆ ತೆರೆದರು. ಮೀನ್ ಸ್ಟ್ರೀಕ್‌ಗೂ ಇದೇ ಚಿಕಿತ್ಸೆ ಆಯಿತು. 2018ರಲ್ಲಿ ಅದು ‘ಸ್ಟೀಲ್ ವೆಂಜನ್ಸ್’ ಎಂಬ ಹೆಸರಿನಲ್ಲಿ ಮರಳಿತು. ಎತ್ತರ 205 ಅಡಿ, ಮೊದಲ ಇಳಿಜಾರು ನೇರ 90 ಡಿಗ್ರಿ, ನಾಲ್ಕು ಸಲ ತಲೆಕೆಳಗು. ಮುನ್ನಾ ದಿನಗಳಲ್ಲಿ ಖಾಲಿ ಹೊಡೆಯುತ್ತಿದ್ದ ಜಾಗದಲ್ಲಿ ಗಂಟೆಗಟ್ಟಲೆ ಸಾಲು. ಜಪಾನಿನ ನಾಗಾಶಿಮಾದಲ್ಲಿದ್ದ ‘ವೈಟ್ ಸೈಕ್ಲೋನ್’ ಕೂಡ 2019ರಲ್ಲಿ ಇದೇ ರೀತಿ ಹೊಸ ರೂಪ ಪಡೆಯಿತು.

ಪಾರ್ಕಿನವರಿಗೆ ಇದು ಲಾಭದ ದಾರಿ. ಅಡಿಪಾಯ ಇದೆ, ಆಸರೆ ಇದೆ, ಜಾಗ ಇದೆ. ಹೊಸ ಆಟ ಎಂದು ಜಾಹೀರಾತು ಕೊಡಬಹುದು. ಆದರೆ ಉಕ್ಕು ಬಂದ ಕೂಡಲೇ ಕಣ್ಣು ಮುಚ್ಚಿ ಕೂರಬಹುದು ಎಂದಲ್ಲ. ಹೊಸ ಟೆಕ್ಸಾಸ್ ಜೈಂಟ್‌ನಿಂದಲೇ 2013ರ ಜುಲೈನಲ್ಲಿ ಮಹಿಳೆಯೊಬ್ಬರು ಬಿದ್ದು ಮೃತಪಟ್ಟರು. ಹಳಿ ಯಾವುದೇ ಇರಲಿ, ನೋಡುವ ಕಣ್ಣು ಬೇಕೇ ಬೇಕು.

ಹಲಗೆಗೆ ನಂಬರ್ ಬರೆದವರು

ಉಳಿದುಕೊಂಡವುಗಳ ಕಥೆ ಇನ್ನೂ ಸ್ವಾರಸ್ಯಕರ. 1947ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ‘ರಾಕೆಟ್’ ಎಂಬ ಕೋಸ್ಟರ್ ಶುರುವಾಗಿತ್ತು. 1980ರಲ್ಲಿ ಆ ಪಾರ್ಕ್ ಮುಚ್ಚಿತು. ಪಾಳು ಬಿದ್ದಿದ್ದ ಅದನ್ನು ಪೆನ್ಸಿಲ್ವೇನಿಯಾದ ನೋಬಲ್ಸ್ ಎಂಬ ಕುಟುಂಬದ ಪಾರ್ಕಿನವರು ಕೊಂಡರು. ಹಲಗೆ ಹಲಗೆಗೂ ಗುರುತು ನಂಬರ್ ಹಾಕಿ, ಬಿಚ್ಚಿ, ಲಾರಿಗಳಲ್ಲಿ ದೇಶದ ಇನ್ನೊಂದು ಮೂಲೆಗೆ ಸಾಗಿಸಿ, 1985ರಲ್ಲಿ ‘ಫೀನಿಕ್ಸ್’ ಎಂಬ ಹೆಸರಿನಲ್ಲಿ ಮತ್ತೆ ಎಬ್ಬಿಸಿದರು. ಎತ್ತರ ಬರೀ 78 ಅಡಿ. ಆದರೆ ‘ಅಮ್ಯೂಸ್‌ಮೆಂಟ್ ಟುಡೇ’ ಪತ್ರಿಕೆ ಕೊಡುವ ಗೋಲ್ಡನ್ ಟಿಕೆಟ್ ಪ್ರಶಸ್ತಿಗಳಲ್ಲಿ 2018 ಮತ್ತು 2019ರಲ್ಲಿ ಅತ್ಯುತ್ತಮ ಮರದ ಕೋಸ್ಟರ್ ಎನಿಸಿಕೊಂಡಿದ್ದು ಈ ಎಪ್ಪತ್ತು ದಾಟಿದ ಅಜ್ಜ!

ಈ ಸ್ಥಳಾಂತರ ಮಾಡಿಸಿದವರು ಚಾರ್ಲ್ಸ್ ಡಿನ್. ದಿ ಬೀಸ್ಟ್ ಕಟ್ಟುವಾಗ ಕಿಂಗ್ಸ್ ಐಲ್ಯಾಂಡ್‌ನಲ್ಲಿ ನಿರ್ಮಾಣ ಮತ್ತು ನಿರ್ವಹಣೆಯ ಹೊಣೆ ಹೊತ್ತಿದ್ದವರೂ ಅವರೇ. ದಿ ಬೀಸ್ಟ್ ಅನ್ನು ಹೊರಗಿನ ಕಂಪನಿಗೆ ಕೊಡದೆ ಪಾರ್ಕಿನ ಸಿಬ್ಬಂದಿಯೇ ವಿನ್ಯಾಸ ಮಾಡಿ ಕಟ್ಟಿದ್ದು. ಮುಂದೆ ಡಿನ್ ತಮ್ಮದೇ ಕಂಪನಿ ಮಾಡಿ ಟೆಕ್ಸಾಸ್ ಜೈಂಟ್, ಮೀನ್ ಸ್ಟ್ರೀಕ್‌ಗಳನ್ನು ಕಟ್ಟಿದರು. ಅವೆರಡೂ ಮರದ ಹಳಿಯಾಗಿ ಮೂವತ್ತು ವರ್ಷ ಬಾಳಲಿಲ್ಲ. ಒಬ್ಬರೇ ಮನುಷ್ಯ, ಅದೇ ಮರ, ಅದೇ ಬೋಲ್ಟ್. 78 ಅಡಿಯದು ಉಳಿಯಿತು, 161 ಅಡಿಯದು ಹೋಯಿತು. ಒಳ್ಳೆಯ ಕೈಗಳಿಗೂ ಒಂದು ಮಿತಿ ಇದೆ. ಆ ಮಿತಿಯೊಳಗೆ ಕಟ್ಟಿದರೆ ಮಾತ್ರ ಕೈಗಳು ಅದನ್ನು ಉಳಿಸಬಲ್ಲವು.

ಕೋನಿ ಐಲ್ಯಾಂಡ್‌ನ ಸೈಕ್ಲೋನ್‌ಗೆ 1970ರ ದಶಕದಲ್ಲಿ ನೆಲಸಮವಾಗುವ ಗಂಡಾಂತರ ಬಂದಿತ್ತು. ಪಕ್ಕದ ಅಕ್ವೇರಿಯಂ ವಿಸ್ತರಿಸಲು ಆ ಜಾಗ ಬೇಕು ಎಂದಾಗ ಜನ ‘ಸೈಕ್ಲೋನ್ ಉಳಿಸಿ’ ಎಂದು ಹೋರಾಡಿದರು. 1988ರಲ್ಲಿ ನ್ಯೂಯಾರ್ಕ್ ನಗರ ಅದನ್ನು ಸಂರಕ್ಷಿತ ಸ್ಮಾರಕವಾಗಿ ಘೋಷಿಸಿತು. ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿರುವ ‘ಲೀಪ್ ದಿ ಡಿಪ್ಸ್’ 1902ರದ್ದು, ಇಂದು ಉಳಿದಿರುವ ರೋಲರ್ ಕೋಸ್ಟರ್‌ಗಳಲ್ಲೇ ಹಳೆಯದು. 1985ರಲ್ಲಿ ಮುಚ್ಚಿದ ಅದನ್ನು ಹಣ ಕೂಡಿಸಿ ದುರಸ್ತಿ ಮಾಡಿ 1999ರಲ್ಲಿ ಮತ್ತೆ ಓಡಿಸಿದರು. ಈ ಎಲ್ಲ ಕಡೆ ಕೋಸ್ಟರ್‌ಗೆ ಆಯಸ್ಸು ಸಿಕ್ಕಿದ್ದು ‘ಇದು ಇರಲಿ’ ಎಂದು ಯಾರೋ ನಿಶ್ಚಯ ಮಾಡಿ, ಅದರ ಖರ್ಚು, ಕೆಲಸ ಎರಡನ್ನೂ ಹೊತ್ತುಕೊಂಡಿದ್ದರಿಂದ.

ನಮಗೇಕೆ ಈ ಕಥೆ?

ಅಮೆರಿಕದ ಮರದ ಆಟಿಕೆಯಿಂದ ನಮಗೇನಾಗಬೇಕು ಎನ್ನಬಹುದು. ನನಗೆ ಇದು ಅಂಟಿಕೊಂಡಿದ್ದು ಬೇರೆ ಕಾರಣಕ್ಕೆ. ನಮ್ಮ ತರಗತಿಯಲ್ಲಿ ಪ್ಲೇಸ್‌ಮೆಂಟ್ ಮಾತು ಬಂದಾಗ ಎಲ್ಲರ ಬಾಯಲ್ಲೂ ಒಂದೇ ಕನಸು: ಡಿಸೈನ್. ಎ.ಸಿ. ಕೋಣೆ, ಎರಡು ಮಾನಿಟರ್, ಪರದೆಯ ಮೇಲೆ ತಿರುಗುವ ಮಾಡೆಲ್. ಯಾರಿಗಾದರೂ ‘ಮೇಂಟೆನೆನ್ಸ್’ ವಿಭಾಗಕ್ಕೆ ಆಫರ್ ಬಂದರೆ ಉಳಿದವರು ಅಭಿನಂದಿಸುವ ದನಿಯಲ್ಲೇ ಅನುಕಂಪ ಇರುತ್ತದೆ. ‘ಗ್ರೀಸ್ ಕೆಲಸನಾ ಮಚ್ಚಾ?’ ಎನ್ನುತ್ತೇವೆ. ಮನೆಯಲ್ಲೂ ಅಷ್ಟೇ. ಮಗ ಎಂಜಿನಿಯರ್ ಎಂದು ಹೇಳಿಕೊಳ್ಳುವವರಿಗೆ ಮಗ ಸ್ಪ್ಯಾನರ್ ಹಿಡಿಯುತ್ತಾನೆ ಎಂದು ಹೇಳಲು ಮುಜುಗರ.

ಕಳೆದ ರಜೆಯಲ್ಲಿ ಒಂದು ಕಾರ್ಖಾನೆಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದೆ. ಅಲ್ಲಿ ಹಿರಿಯ ಫಿಟ್ಟರ್ ಒಬ್ಬರಿದ್ದರು. ಐಟಿಐ ಓದಿದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಬೆಳಿಗ್ಗೆ ಶಿಫ್ಟ್ ಶುರುವಾದ ಕೂಡಲೇ ಸಾಲಾಗಿ ನಿಂತ ಮೋಟಾರುಗಳ ಮೇಲೆ ಅಂಗೈ ಇಡುತ್ತಾ ಹೋಗುತ್ತಿದ್ದರು. ಒಂದರ ಮುಂದೆ ನಿಂತು, ‘ಇದರ ಬೇರಿಂಗ್ ಹೋಗ್ತಾ ಇದೆ ನೋಡಪ್ಪ, ಈ ಭಾನುವಾರ ಬಿಚ್ಚಬೇಕು’ ಎಂದರು. ನನಗೆ ಏನೂ ಕೇಳಿಸಲಿಲ್ಲ. ಭಾನುವಾರ ಬಿಚ್ಚಿ ನೋಡಿದರೆ ಬೇರಿಂಗ್‌ನ ಒಳ ರಿಂಗಿನಲ್ಲಿ ಉಗುರಗಲದ ಚಕ್ಕೆ ಎದ್ದಿತ್ತು. ಫೆಟೀಗ್! ನಾನು ಪರೀಕ್ಷೆಗೆ ಹತ್ತು ಅಂಕಕ್ಕೆ ಬರೆದದ್ದನ್ನು ಅವರು ಅಂಗೈಯಲ್ಲಿ ಓದಿದ್ದರು. ‘ಇದನ್ನೆಲ್ಲ ಎಲ್ಲಾದರೂ ಬರೆದಿಟ್ಟಿದ್ದೀರಾ ಅಣ್ಣ?’ ಎಂದು ಕೇಳಿದೆ. ‘ಯಾರು ಕೇಳ್ತಾರಪ್ಪ?’ ಎಂದರು. ಅವರ ಜೊತೆ ಕಲಿಯುವ ಹುಡುಗರು ಯಾರೂ ಆ ಶೆಡ್‌ನಲ್ಲಿ ಇರಲಿಲ್ಲ.

ಮರದ ಕೋಸ್ಟರ್‌ಗಳ ವಿಷಯ ಓದುವಾಗೆಲ್ಲ ನನಗೆ ಆ ಅಂಗೈ ನೆನಪಾಗುತ್ತದೆ. ಹಳಿಯ ಮೇಲೆ ನಡೆದು ಯಾವ ಹಲಗೆ ಸದ್ದು ಬದಲಾಯಿಸಿದೆ ಎಂದು ಹೇಳುವ ಬಡಗಿ ಒಂದು ವರ್ಷದಲ್ಲಿ ತಯಾರಾಗುವುದಿಲ್ಲ. ಅವನು ಹೋದ ಜಾಗಕ್ಕೆ ಕಲಿತವರು ಬರದಿದ್ದರೆ ಆ ಪಾರ್ಕಿಗೆ ಉಕ್ಕಿನ ಹಳಿಯೇ ಸುಲಭದ ದಾರಿ. ಹಾಗೆ ನೋಡಿದರೆ ಎಷ್ಟೋ ಕೋಸ್ಟರ್‌ಗಳಿಗಿಂತ ಮೊದಲು ನಿವೃತ್ತರಾದವರು ಅವುಗಳನ್ನು ನೋಡಿಕೊಳ್ಳುತ್ತಿದ್ದವರು.

ನಮ್ಮ ಸುತ್ತ ಇರುವ ಸೇತುವೆ, ಲಿಫ್ಟ್, ಬಸ್ಸು, ಪಂಪ್‌ಹೌಸ್, ಟ್ರಾನ್ಸ್‌ಫಾರ್ಮರ್ ಯಾವುದಕ್ಕೂ ಈ ನಿಯಮ ತಪ್ಪಿದ್ದಲ್ಲ. ಕಟ್ಟುವ ದಿನ ಟೇಪು ಕತ್ತರಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ಮರುದಿನದಿಂದ ಅದನ್ನು ನೋಡಿಕೊಳ್ಳುವವರ ಫೋಟೊ ಎಲ್ಲೂ ಬರುವುದಿಲ್ಲ. ಉದ್ಯೋಗ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ನನ್ನದು ಒಂದೇ ಮಾತು: ಮುಂದಿನ ಸಲ ‘ಮೇಂಟೆನೆನ್ಸ್ ಎಂಜಿನಿಯರ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ಕಂಡರೆ ಪುಟ ತಿರುಗಿಸುವ ಮೊದಲು ಒಮ್ಮೆ ಪೂರ್ತಿ ಓದಿ. ಡಿಸೈನ್ ಮಾಡುವ ಕನಸಿದ್ದರೂ ಒಂದೆರಡು ವರ್ಷ ಅಲ್ಲಿ ಕಳೆಯಿರಿ. ಯಾವುದು ಎಲ್ಲಿ ಸವೆಯುತ್ತದೆ, ಏಕೆ ಸವೆಯುತ್ತದೆ ಎಂದು ಕೈಯಾರೆ ಕಂಡವರು 218 ಅಡಿಯ ಗೆರೆ ಎಳೆಯುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ನಾನಂತೂ ಡಿಸೆಂಬರ್ ರಜೆಗೆ ಅದೇ ಶೆಡ್‌ಗೆ ಹೋಗುವುದೆಂದು ಅರ್ಜಿ ಹಾಕಿದ್ದೇನೆ. ಈ ಸಲ ಒಂದು ನೋಟ್‌ಬುಕ್ ಕೊಂಡೊಯ್ಯುವೆ. ಆ ಅಣ್ಣ ನಿವೃತ್ತರಾಗಲು ಇನ್ನು ಹೆಚ್ಚು ಸಮಯವಿಲ್ಲ.